ಏಳು ಬರದ ಆಟ

ರಿಪ್ಪನ್‌ಪೇಟೆಯ ಏಜೆಂಟರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಬಸ್ಸಿನಲ್ಲೇ. ಸಾಗರದಲ್ಲಿ ಹತ್ತಿ ಕೂತಿದ್ದೆ. ಕಂಡಕ್ಟರು ಟಿಕೆಟ್ ಹರಿಯುತ್ತ, "ನಿಮ್ಮ ಏಜೆಂಟ್ರು ಹೋದ್ರಲ್ಲ ಮಾರಾಯ್ರೆ, ಗೊತ್ತಾತಾ?" ಎಂದ. ಯಾವಾಗ ಎಂದು ಕೇಳಿದೆ. "ಆಗ್ಲೇ ಹದಿನೈದು ದಿನ ಆತು" ಎಂದು ಹೇಳಿ ಮುಂದಿನ ಸೀಟಿಗೆ ಹೋದ. ನನಗೆ ದುಃಖವಾಯಿತು, ಜೊತೆಗೆ ಸ್ವಲ್ಪ ನಗುವೂ ಬಂತು. ಅವರಿಗೆ ಸಂಬಂಧಪಟ್ಟ ದೊಡ್ಡ ಸುದ್ದಿಗಳೆಲ್ಲ ಹೀಗೆ ತಡವಾಗಿಯೇ ಬರುತ್ತಿದ್ದವು. ಆರು ವಾರ ಹಳೆಯ ಸುದ್ದಿಯನ್ನು ಅವರು ಬಿಸಿ ಸುದ್ದಿ ಎನ್ನುತ್ತಿದ್ದರು.

ಅವರ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ, ಅವರಿಗೊಂದು ಹೆಸರಿದೆ ಎಂಬುದೇ ಊರಿನ ಮುಕ್ಕಾಲು ಜನಕ್ಕೆ ಗೊತ್ತಿರಲಿಲ್ಲ. ಅವರು ಸಾಗರದ ಸಾಹುಕಾರರೊಬ್ಬರ ಬಸ್ಸುಗಳಿಗೆ ರಿಪ್ಪನ್‌ಪೇಟೆಯಲ್ಲಿ ಏಜೆಂಟರು. ಅರವತ್ತರ ದಶಕದ ಆ ವರ್ಷಗಳಲ್ಲಿ ರಿಪ್ಪನ್‌ಪೇಟೆ ಎಂದರೆ ಇಳಿದು ಹತ್ತುವ ಊರು. ಸಾಗರ, ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗ, ನಾಲ್ಕೂ ಕಡೆಯ ಬಸ್ಸುಗಳು ಬಂದು ಒಂದಕ್ಕೊಂದು ಮೂತಿ ತಾಗಿಸಿಕೊಂಡು ಹತ್ತು ನಿಮಿಷ ನಿಲ್ಲುತ್ತಿದ್ದವು. ಆ ಹತ್ತು ನಿಮಿಷದಲ್ಲಿ ಈ ಬಸ್ಸಿನ ಬಾಣಂತಿ ಆ ಬಸ್ಸಿಗೆ, ಆ ಬಸ್ಸಿನ ಔಷಧದ ಬಾಟಲಿ ಈ ಬಸ್ಸಿಗೆ, ಯಾರದೋ ಮದುವೆಯ ಕರೆಯೋಲೆ, ಯಾರದೋ ಕೋಳಿಪಂಜರ, ಯಾರದೋ ಮುನಿಸಿಕೊಂಡು ಬಂದ ಅಳಿಯ, ಎಲ್ಲವೂ ಸರಿಯಾದ ಕಡೆಗೆ ದಾಟಬೇಕು. ಸೀಟಿ ಊದಿದ ಮೇಲೆ ಮುಗಿಯಿತು, ತಪ್ಪಿದ್ದು ತಪ್ಪಿತು.

ಖಾಕಿ ಕೋಟು ಹಾಕಿಕೊಂಡು, ಕಿವಿಯ ಮೇಲೆ ಕೆಂಪು-ನೀಲಿ ಪೆನ್ಸಿಲ್ ಸಿಕ್ಕಿಸಿಕೊಂಡು ಈ ಗದ್ದಲದ ನಡುವೆ ಏಜೆಂಟರು ನಿಲ್ಲುತ್ತಿದ್ದರು. ಅವರು ಕೂಗುತ್ತಿರಲಿಲ್ಲ, ಓಡುತ್ತಲೂ ಇರಲಿಲ್ಲ. ಯಾರು ಏನು ಕೇಳಿದರೂ ತಲೆ ತಗ್ಗಿಸಿ ಕೇಳಿದವರ ಪಾದ ನೋಡಿ ಉತ್ತರ ಹೇಳುತ್ತಿದ್ದರು. ಹೊಸಬರು ತಮ್ಮ ಕಾಲಿಗೇನೋ ಮೆತ್ತಿಕೊಂಡಿದೆ ಎಂದು ಗಾಬರಿಯಾಗಿ ಕಾಲು ಒರೆಸಿಕೊಳ್ಳುತ್ತಿದ್ದರು.

"ಅದೆಂತಕ್ಕೆ ಏಜೆಂಟ್ರೇ ಕಾಲು ನೋಡ್ತೀರಿ?" ಎಂದು ಒಮ್ಮೆ ಕೇಳಿದ್ದೆ.

"ಮುಖ ನೋಡಿದ್ರೆ ಕೆಟ್ಟೆ ಮಾರಾಯ. ಮುಖ ನೋಡ್ಬಾರ್ದು. ಕಾಲು ನೋಡು, ಅವ ಯಾವ ಕಡೆ ಹೋಗ್ತಾನೆ ಅಂತ ಕಾಲು ಹೇಳ್ತದೆ."

ಇದು ಬಸ್ಸಿನ ಕೆಲಸದಲ್ಲಿ ಕಲಿತದ್ದಲ್ಲ. ರಗ್ಬಿ ಎಂಬ ಆಟದಿಂದ ಕಲಿತದ್ದು.

ನಮ್ಮ ಸೀಮೆಯಲ್ಲಿ ಆ ಆಟ ನೋಡಿದವರು ಅವರೊಬ್ಬರೇ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಯುದ್ಧದ ಕಾಲದಲ್ಲಿ ಅವರು ಪುಣೆಯ ದಂಡಿನಲ್ಲಿ ಅಧಿಕಾರಿಗಳ ಊಟದ ಮನೆಯಲ್ಲಿ ಬಡಿಸುವ ಕೆಲಸಕ್ಕಿದ್ದರು. ಅಲ್ಲಿಯ ಪಟಾಲಮಿನಲ್ಲಿ ವೇಲ್ಸ್ ಎಂಬ ಪುಟ್ಟ ದೇಶದವರೇ ಹೆಚ್ಚು. ಅವರು ಭಾನುವಾರ ಬಂತೆಂದರೆ ತೆಂಗಿನಕಾಯಿಯಂತೆ ಉದ್ದುದ್ದ ಇರುವ ಚೆಂಡು ಹಿಡಿದು ಮಣ್ಣಲ್ಲಿ ಹೊರಳಾಡುತ್ತಿದ್ದರಂತೆ. ಇವರು ಮೈದಾನದ ಅಂಚಿನಲ್ಲಿ ನಿಂಬೆ ಶರಬತ್ತಿನ ತಟ್ಟೆ ಹಿಡಿದು ನಿಲ್ಲುತ್ತಿದ್ದರು. ಆರು ವರ್ಷ ಹಾಗೆ ನಿಂತು ನಿಂತು, ಊರಿಗೆ ಬರುವಾಗ ಪಿಂಚಣಿ ತರಲಿಲ್ಲ, ಆ ಆಟದ ಹುಚ್ಚು ತಂದರು.

"ನೀವು ಆಡಿದೀರಾ?" ಎಂದರೆ, "ಒಂದು ಸಲ ಆಡಿದ್ದೆ" ಎನ್ನುತ್ತಿದ್ದರು. ಅಷ್ಟು ಹೇಳಿ ಕಿವಿಯ ಪೆನ್ಸಿಲ್ ತೆಗೆದು ಮತ್ತೆ ಕಿವಿಗೇ ಸಿಕ್ಕಿಸುತ್ತಿದ್ದರು. ಆ ಒಂದು ಸಲ ಅವರು ಏನೋ ಮಹಾ ಪರಾಕ್ರಮ ತೋರಿಸಿರಬೇಕು, ದೊಡ್ಡ ಮನುಷ್ಯರು ಹೇಳಿಕೊಳ್ಳುವುದಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು.

ಆಟವನ್ನು ಅವರು ವಿವರಿಸುತ್ತಿದ್ದುದು ಹೋಟೆಲಿನ ಶೇಷಣ್ಣನ ಮೇಜಿನ ಮೇಲೆ, ಲೋಟಗಳನ್ನು ಇಟ್ಟು. ಎಂಟು ಜನ ದಾಂಡಿಗರು ಈ ಕಡೆ, ಎಂಟು ಜನ ಆ ಕಡೆ. ತಲೆಗೆ ತಲೆ ಕೊಟ್ಟು ಕೋಣಗಳ ಹಾಗೆ ನೂಕುತ್ತಾರೆ. ಚೆಂಡು ಅವರ ಕಾಲಡಿಯಿಂದ ಹಿಂದಕ್ಕೆ ಜಾರಿ ಬರುತ್ತದೆ. ಒಬ್ಬ ಅದನ್ನೆತ್ತಿ ಹಿಂದೆ ಒಂಟಿಯಾಗಿ ನಿಂತ ಇನ್ನೊಬ್ಬನಿಗೆ ಎಸೆಯುತ್ತಾನೆ. ಆ ಒಂಟಿ ಲೋಟದ ಮೇಲೆ ಏಜೆಂಟರು ಬೆರಳಿಡುತ್ತಿದ್ದರು. "ಇವ ನಡುವಿನವ. ಇಡೀ ಆಟ ಇವನ ಕೈಲಿ. ಒದೀಬೇಕಾ, ಓಡ್ಬೇಕಾ, ಪಕ್ಕದವಂಗೆ ದಾಟಿಸ್ಬೇಕಾ, ಒಂದು ಉಸುರಲ್ಲಿ ಹೇಳ್ಬೇಕು. ಅಷ್ಟ್ರಲ್ಲಿ ನಾಲ್ಕು ಜನ ಇವನ ಮೇಲೆ ಬಿದ್ದಿರ್ತಾರೆ."

"ಹಂಗಾದ್ರೆ ಅವ ಅಲ್ಲಿನ ಏಜೆಂಟ" ಎಂದ ಶೇಷಣ್ಣ. ಏಜೆಂಟರಿಗೆ ಈ ಮಾತು ಎಷ್ಟು ಹಿತವಾಯಿತೆಂದರೆ ಅವತ್ತು ಎರಡು ದೋಸೆ ಜಾಸ್ತಿ ತಿಂದರು.

ಈಗ ನನ್ನ ವಿಷಯ. ಆಗ ನನಗೆ ಇಪ್ಪತ್ತೆರಡು. ಇಂಟರ್‌ಮೀಡಿಯೆಟ್ಟಿನಲ್ಲಿ ಎರಡು ಸಲ ನಪಾಸಾಗಿ ಊರಲ್ಲಿ ತಿರುಗುತ್ತಿದ್ದೆ. ಮನೆಗೆ ಹೋದಾಗೆಲ್ಲ ಅಪ್ಪಯ್ಯ, "ಎಂತ ಆತಾ ನಿನ್ನ ಕೆಲಸ?" ಎಂದು ಕೇಳುತ್ತಿದ್ದ. ಮಳೆಗಾಲ ಹಿಡಿಯುವುದರೊಳಗೆ ಕೆಲಸ ಸಿಗದಿದ್ದರೆ ನನ್ನನ್ನು ಮಾವನ ಅಡಿಗೆ ತಂಡಕ್ಕೆ ಸೇರಿಸುವುದು ಎಂದು ತೀರ್ಮಾನವಾಗಿತ್ತು. ಮಾವನ ತಂಡದಲ್ಲಿ ಹೊಸಬರು ಮೊದಲ ಮೂರು ವರ್ಷ ಕಾಯಿ ತುರಿಯಬೇಕು. ನನಗೆ ಕನಸಿನಲ್ಲೂ ತೆಂಗಿನಕಾಯಿ ಬೀಳತೊಡಗಿತ್ತು.

ಇಂಗ್ಲಿಷ್ ಓದಲು ಮಾತ್ರ ಬರುತ್ತಿತ್ತು. ಏಜೆಂಟರ ಕಣ್ಣು ಮಂಜಾಗತೊಡಗಿದ್ದು ಅದೇ ಸಮಯಕ್ಕೆ. ಕೊಪ್ಪದ ಕಡೆಯ ಕಾಫಿ ತೋಟದಲ್ಲಿ ಒಬ್ಬ ಬಿಳಿಯ ದೊರೆ ಇನ್ನೂ ಉಳಿದುಕೊಂಡಿದ್ದ. ಅವನಿಗೆ ಹಡಗಿನಲ್ಲಿ ಬರುತ್ತಿದ್ದ ಇಂಗ್ಲೆಂಡಿನ ಪತ್ರಿಕೆಗಳು, ಅವನು ಓದಿ ಬಿಸಾಡಿದ ಮೇಲೆ, ತೀರ್ಥಹಳ್ಳಿ ಬಸ್ಸಿನ ಡ್ರೈವರನ ಸೀಟಿನ ಕೆಳಗೆ ಕೂತು ಏಜೆಂಟರಿಗೆ ತಲುಪುತ್ತಿದ್ದವು. ಅವನ್ನು ಓದಿ ಹೇಳುವವನು ನಾನು. ಮಧ್ಯಾಹ್ನದ ಬಸ್ಸುಗಳು ಹೋದ ಮೇಲೆ ಶೇಷಣ್ಣನ ಹೋಟೆಲಿನ ಹಿಂದಿನ ಬೆಂಚಿನಲ್ಲಿ ಓದು. ಒಂದು ವಾಕ್ಯ ಇಂಗ್ಲಿಷ್, ಒಂದು ವಾಕ್ಯ ಕನ್ನಡ. ಶೇಷಣ್ಣ ವಡೆ ಕರಿಯುತ್ತಲೇ ಕಿವಿಗೊಡುತ್ತಿದ್ದ.

ಏಜೆಂಟರ ಕಣ್ಣು ಹೋಗುತ್ತಿದೆ, ಇನ್ನೊಬ್ಬ ಏಜೆಂಟ ಬೇಕಾಗುತ್ತದೆ ಎಂಬುದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೆ. ಆ ಖಾಕಿ ಕೋಟು ನನ್ನ ಮೈಗೆ ಸರಿಹೊಂದುತ್ತದೆ ಎಂದು ಅವರು ಅದನ್ನು ಬೆಂಚಿನ ಮೇಲೆ ಬಿಚ್ಚಿಟ್ಟಾಗ ಹಾಕಿಕೊಂಡೇ ನೋಡಿದ್ದೆ. ತೋಳು ಮಾತ್ರ ಸ್ವಲ್ಪ ಉದ್ದ.

ಆ ಮಾಘದಲ್ಲಿ ವೇಲ್ಸ್ ದೇಶದಲ್ಲೂ ಇದೇ ಗಂಡಾಂತರ. ಬಹಳ ವರ್ಷ ಆಡಿದ ಅವರ ನಡುವಿನವನಿಗೆ ಮಂಡಿ ಕೈಕೊಟ್ಟಿತ್ತು. ಅವನ ಜಾಗಕ್ಕೆ ಯಾರು? ಆ ದೇಶದಲ್ಲಿ ಇದು ಮನೆಮನೆಯ ಜಗಳ ಎಂದು ಪತ್ರಿಕೆ ಬರೆದಿತ್ತು. ಇಂಗ್ಲೆಂಡಿನ ಮೇಲೆ ಆಡಬೇಕಾದವನನ್ನು ಆರಿಸಲು ಐದು ಮುದುಕರು ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಾರಂತೆ. ಮುಂದಿದ್ದವರು ಇಬ್ಬರು. ಒಬ್ಬ ಕಲ್ಲಿದ್ದಲ ಗಣಿಯಲ್ಲಿ ಕೆಲಸ ಮಾಡುವ ಕುಳ್ಳ, ಇನ್ನೊಬ್ಬ ಕಾಲೇಜಿನಲ್ಲಿ ಓದುವ ಎತ್ತರದ ಚೆಲುವ. ಅವರ ಹೆಸರು ನಮ್ಮ ಬಾಯಲ್ಲಿ ಹೊರಳುತ್ತಿರಲಿಲ್ಲ. ಗಿಡ್ಡ ಮತ್ತು ಕಾಲೇಜು ಎಂದು ಏಜೆಂಟರು ಹೆಸರಿಟ್ಟರು.

"ಗಿಡ್ಡನೇ" ಎಂದರು ಏಜೆಂಟರು, ನಾನು ಓದಿ ಮುಗಿಸುವುದರೊಳಗೆ. "ಆ ಮುದುಕ್ರಿಗೆ ತಲೇಲಿ ಮೆದುಳಿದ್ರೆ ಗಿಡ್ಡನ್ನೇ ಆರಿಸ್ತಾರೆ. ಆರಿಸ್ದಿದ್ರೆ ನಾನು ಈ ಆಟದ ಸುದ್ದಿ ಕೇಳೋದೇ ಬಿಟ್ಟೆ ಅಂತ ತಿಳ್ಕಳಿ."

ಇದನ್ನು ಅವರು ಶೇಷಣ್ಣನ ಮುಂದೆ, ಇಬ್ಬರು ಡ್ರೈವರರ ಮುಂದೆ ಹೇಳಿದರು. ನಾವು ಮುಂದಿನ ಪತ್ರಿಕೆಗೆ ಕಾದೆವು. ಆಟ ಅಲ್ಲಿ ನಡೆದು, ಗೆದ್ದವರು ಕುಡಿದು, ಸೋತವರು ಅತ್ತು, ಐದು ಮುದುಕರು ಬೈಸಿಕೊಂಡು ತಿಂಗಳ ಮೇಲಾಗಿತ್ತು. ರಿಪ್ಪನ್‌ಪೇಟೆಯಲ್ಲಿ ಮಾತ್ರ ಆಯ್ಕೆ ಇನ್ನೂ ಬಾಕಿಯಿತ್ತು. ಶೇಷಣ್ಣ ಗಿಡ್ಡನ ಹೆಸರಿನಲ್ಲಿ ಗಣಪತಿಗೆ ಒಂದು ಕಾಯಿಯನ್ನೂ ಒಡೆಸಿದ.

ಪತ್ರಿಕೆ ಬಂತು. ಮಡಿಕೆ ಬಿಚ್ಚಿದೆ. ಕಾಲೇಜಿನವನ ಫೋಟೋ ಅರ್ಧ ಪುಟದಲ್ಲಿ ಹಲ್ಲು ಕಿರಿಯುತ್ತಿತ್ತು. ಗಿಡ್ಡನ ಬಗ್ಗೆ ಒಂದು ಸಾಲು: ಆಯ್ಕೆಯಾಗಲಿಲ್ಲ.

ತಲೆಯೆತ್ತಿ ಏಜೆಂಟರ ಮುಖ ನೋಡಿದೆ. ಮಬ್ಬಾದ ಆ ಕಣ್ಣುಗಳು ನನ್ನ ಬಾಯಿಯನ್ನೇ ಕಾಯುತ್ತಿದ್ದವು. ಶೇಷಣ್ಣ ಜಾಲರಿ ಸೌಟು ಹಿಡಿದು ನಿಂತಿದ್ದ, ವಡೆ ಕಪ್ಪಾಗುತ್ತಿತ್ತು. ಅವರು ಆಟದ ಸುದ್ದಿ ಬಿಟ್ಟರೆ ನನ್ನ ಓದು ಹೋಯಿತು, ಓದು ಹೋದರೆ ಕೋಟು ಹೋಯಿತು, ಕೋಟು ಹೋದರೆ ಕಾಯಿ ತುರಿಯುವುದೇ ಗತಿ. ಇಷ್ಟೆಲ್ಲ ಲೆಕ್ಕ ಹಾಕಿ ಸುಳ್ಳು ಹೇಳಿದೆ ಎಂದರೆ ನನ್ನನ್ನು ಹೊಗಳಿಕೊಂಡಂತಾಗುತ್ತದೆ. ನಿಜ ಹೇಳಬೇಕೆಂದರೆ ಆ ಮುಖ ನೋಡಿದೆ, ಬಾಯಿ ತಾನಾಗಿ ತೆರೆದುಕೊಂಡಿತು.

"ಗಿಡ್ಡನೇ ಏಜೆಂಟ್ರೇ!" ಎಂದೆ. "ಐದೂ ಮುದುಕರು ಒಪ್ಪಿದ್ರಂತೆ. ಗೆದ್ದೂ ಬಿಟ್ಟಿದಾರೆ. ಏಳು ನಾಲ್ಕು!"

ಏಜೆಂಟರು ಪೆನ್ಸಿಲ್ ತೆಗೆದು ಮತ್ತೆ ಕಿವಿಗೆ ಸಿಕ್ಕಿಸಿದರು. "ಏಳು ನಾಲ್ಕಾ?" ಎಂದರು. "ಹೌದು" ಎಂದೆ. "ಓದು, ಓದು. ಗಿಡ್ಡ ಹೆಂಗೆ ಆಡ್ದ?" ಎಂದರು.

ಆ ದಿನ ಗಿಡ್ಡ ಆಡಿದ ಆಟವನ್ನು ಭೂಮಿಯ ಮೇಲೆ ಯಾರೂ ಆಡಿರಲಾರರು. ದಾಂಡಿಗರ ಕಾಲ ಸಂದಿಯಲ್ಲಿ ನುಸುಳಿದ, ಬೆನ್ನಿನ ಮೇಲೆ ಹತ್ತಿ ಹಾರಿದ, ಕೆಸರಲ್ಲಿ ಜಾರುತ್ತ ಜಾರುತ್ತಲೇ ಗೆರೆ ದಾಟಿದ. ಶೇಷಣ್ಣ ಕಪ್ಪಾದ ವಡೆಗಳನ್ನೆಲ್ಲ ನಮಗೆ ಬಿಟ್ಟಿ ಕೊಟ್ಟ.

ಒಂದು ಸುಳ್ಳು ಹೇಳಿದವನ ಪಾಡು ನಿಮಗೆ ಗೊತ್ತೇ ಇದೆ. ಆಮೇಲಿನ ಆಟಗಳಲ್ಲೂ ಗಿಡ್ಡನನ್ನು ಆಡಿಸಬೇಕಾಯಿತು. ಸ್ಕಾಟ್ಲೆಂಡಿನ ಮೇಲೆ ಆಡಿಸಿದೆ, ಐರ್ಲೆಂಡಿನ ಮೇಲೆ ಆಡಿಸಿದೆ. ಒಮ್ಮೆ ಸುಸ್ತಾಗಿ ಅವನಿಗೆ ಹೆಬ್ಬೆರಳು ಉಳುಕಿಸಿ ಒಂದು ವಾರ ವಿಶ್ರಾಂತಿ ಪಡೆದೆ. ಏಜೆಂಟರು ಆ ವಾರವಿಡೀ ಮೂರು ಹೊತ್ತೂ ಅವನ ಬೆರಳಿನ ಯೋಗಕ್ಷೇಮ ಕೇಳಿದರು.

ವೈಶಾಖದ ಹೊತ್ತಿಗೆ ಏಜೆಂಟರಿಗೆ ಬಸ್ಸಿನ ಬೋರ್ಡು ಕಾಣದಾಯಿತು. ಸಾಹುಕಾರರು ತಮ್ಮ ಭಾವಮೈದನನ್ನು ಹಾಕುತ್ತೇನೆಂದು ಹೇಳಿಕಳಿಸಿದರು. ಏಜೆಂಟರು, "ಹಾಕೋದು ಅವ್ರಿಷ್ಟ. ಆದ್ರೆ ನಾನೊಂದು ಸಲ ನೋಡ್ಬೇಕು. ಬೇಕು ಅನ್ನೋರೆಲ್ಲ ಒಂದೊಂದು ದಿನ ನಿಲ್ಲಲಿ" ಎಂದು ತಿರುಗಿ ಹೇಳಿಸಿದರು. ಅಷ್ಟು ವರ್ಷ ದುಡಿದವರ ಮಾತು, ಸಾಹುಕಾರರು ಒಪ್ಪಿದರು. ನಾನೂ ನನ್ನ ಹೆಸರು ಕೊಟ್ಟೆ. ಏಜೆಂಟರು ನನ್ನ ಬೆನ್ನು ತಟ್ಟಿದರು. ಮಿಕ್ಕಿದ್ದೆಲ್ಲ ಬರೀ ಶಾಸ್ತ್ರ ಎಂದುಕೊಂಡು ಅಪ್ಪಯ್ಯನಿಗೆ ಕೆಲಸ ಆಯಿತೆಂದೇ ಹೇಳಿಬಿಟ್ಟೆ.

ಮೊದಲ ದಿನ ಭಾವಮೈದ. ಕಪ್ಪು ಕನ್ನಡಕ ಹಾಕಿಕೊಂಡು, ಹೋಟೆಲಿನಿಂದ ಕುರ್ಚಿ ತರಿಸಿ ರಸ್ತೆಯ ನಡುವೆ ಕೂತು, ಬೆಳಗಿನಿಂದ ಸೀಟಿ ಊದಿದ. ವರದಹಳ್ಳಿಯ ಆಶ್ರಮಕ್ಕೆ ಹೊರಟ ಭಜನಾ ಮಂಡಳಿಯೊಂದು ಸಾಗರದ ಬಸ್ಸು ಯಾವುದೆಂದು ಕೇಳಿತು. ಅವನು ಕುರ್ಚಿಯಿಂದ ಏಳದೆ ಕೈ ತೋರಿಸಿದ. ಅದು ತೀರ್ಥಹಳ್ಳಿ ಬಸ್ಸು. ಮಂಡಳಿಯವರು ಹತ್ತಿದವರೇ ತಾಳ ಹಾಕಿ ಕಣ್ಣು ಮುಚ್ಚಿ ಭಜನೆ ಶುರುಮಾಡಿದ್ದರಿಂದ ತುಂಗಾ ನದಿ ಕಾಣುವವರೆಗೂ ಅವರಿಗೆ ವಿಷಯ ತಿಳಿಯಲಿಲ್ಲ. ಸಂಜೆಗೆ ಭಾವಮೈದನ ಕಥೆ ಮುಗಿದಿತ್ತು. ನಾನು ಆ ರಾತ್ರಿ ಸುಖವಾಗಿ ನಿದ್ದೆ ಮಾಡಿದೆ, ಕಾಯಿ ಬೀಳಲಿಲ್ಲ.

ಎರಡನೆಯ ದಿನ ನನ್ನದು. ಖಾಕಿ ಕೋಟಿನ ತೋಳು ಮಡಚಿಕೊಂಡು ನಿಂತೆ. ಏಜೆಂಟರು ಶೇಷಣ್ಣನ ಜಗಲಿಯಲ್ಲಿ ಕೂತು ತಲೆ ತಗ್ಗಿಸಿ ಆಲಿಸುತ್ತಿದ್ದರು. ನನಗೆ ಎಲ್ಲ ಬಸ್ಸಿನ ವೇಳೆಯೂ ಬಾಯಿಪಾಠ. ಕೇಳಿದವರಿಗೆಲ್ಲ ನಗುನಗುತ್ತ ಉತ್ತರ. ಸೀಟಿದೆಯಾ? ಇದೆ. ಪಾರ್ಸೆಲ್ ಇವತ್ತೇ ಮುಟ್ಟುತ್ತಾ? ಮುಟ್ಟುತ್ತದೆ. ಜನ, "ಎಷ್ಟು ಒಳ್ಳೆ ಹುಡುಗ" ಎಂದು ಹೇಳುವುದು ಜಗಲಿಗೂ ಕೇಳುತ್ತಿತ್ತು.

ಹತ್ತೂಕಾಲರ ಹೊತ್ತಿಗೆ ಒಬ್ಬ ಪುರೋಹಿತರು ಬಂದರು. ಕಂಕುಳಲ್ಲಿ ಪಂಚಾಂಗ, ಕೈಯಲ್ಲಿ ದರ್ಭೆಯ ಕಟ್ಟು, ಮೈಯೆಲ್ಲ ಬೆವರು. ಹೊಸನಗರದ ಹತ್ತಿರ ಮದುವೆ, ಹನ್ನೆರಡೂವರೆಗೆ ಮುಹೂರ್ತ. "ಹೊಸನಗರದ ಬಸ್ಸು ಬರ್ತದಲ್ವಾ?" ಎಂದರು. ಆ ಬಸ್ಸು ಶಿವಮೊಗ್ಗದಿಂದ ಬರಬೇಕು. ಅದರ ಆಕ್ಸಲ್ ಆಯನೂರಿನ ಹತ್ತಿರ ಮುರಿದಿದೆ ಎಂದು ಆಗಷ್ಟೇ ಬಂದಿಳಿದ ಲಾರಿಯ ಕ್ಲೀನರ್ ಎಲ್ಲರಿಗೂ ಕೇಳುವ ಹಾಗೆ ಹೇಳಿ ಹೋಗಿದ್ದ. ನನಗೆ ಗೊತ್ತಿತ್ತು. ಆದರೆ ಆ ಪುರೋಹಿತರು ನನ್ನನ್ನು ನೋಡಿದ ರೀತಿ! ನಾನು ಬರುವುದಿಲ್ಲ ಎಂದರೆ ಅವರು ಅಲ್ಲೇ ಕುಸಿಯುತ್ತಿದ್ದರು.

"ಬರ್ತದೆ ಭಟ್ರೇ, ದಾರೀಲೇ ಇದೆ" ಎಂದೆ. ದಾರಿಯಲ್ಲಿ ಇತ್ತು ಎಂಬುದು ಸುಳ್ಳಲ್ಲ.

ಅವರ ಮುಖ ಅರಳಿತು. ನನಗೂ ಸಮಾಧಾನವಾಯಿತು. ಅವರು ಹೋಗಿ ಚೌಡಮ್ಮನ ಬುಟ್ಟಿಯ ಪಕ್ಕದ ಕಟ್ಟೆಯಲ್ಲಿ ಕೂತು ಬಾಳೆಹಣ್ಣು ಸುಲಿದರು.

ಚೌಡಮ್ಮನ ಬಗ್ಗೆ ಹೇಳಬೇಕು. ಶರಾವತಿಯ ಅಣೆಕಟ್ಟಿನ ನೀರಲ್ಲಿ ಊರು ಮುಳುಗಿ ಬಂದವಳು. ಬಾಗಿಲು, ಕಿಟಕಿ, ಒನಕೆಗಳನ್ನು ಬಸ್ಸಿನ ಮೇಲೆ ಹೇರಿಕೊಂಡು ಬಂದವರಲ್ಲಿ ಅವಳೂ ಒಬ್ಬಳು. ಗಂಡ ತೀರಿದ್ದ. ಮೂರು ವರ್ಷದಿಂದ ಸ್ಟ್ಯಾಂಡಿನಲ್ಲಿ ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಅಕ್ಷರ ಬಾರದು, ನಾಲಿಗೆ ಮಾತ್ರ ಹರಿತ. ಯಾರಾದರೂ ಬಾಳೆಹಣ್ಣು ಸಿಹಿಯಿದೆಯಾ ಎಂದರೆ, "ಇವತ್ತಿಂದು ಚಪ್ಪೆ, ನಾಳೆ ಬಾ" ಎನ್ನುತ್ತಿದ್ದಳು. ಇವಳು ವ್ಯಾಪಾರ ಮಾಡಿ ಉದ್ಧಾರವಾದ ಹಾಗೇ ಎಂದು ನಾವು ನಗುತ್ತಿದ್ದೆವು.

ಪುರೋಹಿತರು ನಾಲ್ಕನೆಯ ಹಣ್ಣಿಗೆ ಕೈ ಹಾಕಿದಾಗ ಚೌಡಮ್ಮ ಕೇಳಿದಳು, "ಎಲ್ಲಿಗೆ ಹೊಂಟೀರಿ ಭಟ್ರೇ?" ಅವರು ಹೇಳಿದರು. ಅವಳು ಅವರ ಕೈಯಿಂದ ಹಣ್ಣು ಕಿತ್ತು ಬುಟ್ಟಿಗೆ ಹಾಕಿದಳು. "ಆ ಬಸ್ಸು ಆಯನೂರಲ್ಲಿ ಮುರ್ಕಂಡು ಬಿದ್ದೈತೆ. ಸಂಜಿ ತನಕ ಕೂತ್ರೂ ಬರಲ್ಲ. ಏಳಿ ಮೇಲೆ, ಏಳಿ!"

ಅವರು ಏಳುವುದರೊಳಗೆ ಅವಳು ರಸ್ತೆಗೆ ಇಳಿದಾಗಿತ್ತು. ಹೊಸನಗರದ ಕಡೆ ತೌಡು ಹೇರಿಕೊಂಡು ಹೊರಟಿದ್ದ ಅಕ್ಕಿ ಗಿರಣಿಯ ಲಾರಿಗೆ ಅಡ್ಡ ನಿಂತಳು. ಮುಂದೆ ಜಾಗವಿಲ್ಲ ಎಂದ ಡ್ರೈವರ್. "ಮುಂದೆ ಯಾರು ಕೇಳಿದ್ರು?" ಎಂದಳು. ಮುಂದಿನ ಕ್ಷಣದಲ್ಲಿ ಪಂಚಾಂಗ ಒಂದು ಕಡೆ, ದರ್ಭೆ ಒಂದು ಕಡೆ ಹಿಡಿದ ಪುರೋಹಿತರು ತೌಡಿನ ಚೀಲಗಳ ಶಿಖರದಲ್ಲಿ ಕೂತು ನನ್ನನ್ನೇ ನೋಡುತ್ತ ದೂರವಾದರು. ಮುಹೂರ್ತಕ್ಕೆ ಸರಿಯಾಗಿ ಮುಟ್ಟಿದರಂತೆ. ಅಡಿಯಿಂದ ಮುಡಿಯವರೆಗೆ ತೌಡು. ಮಂಗಳಾಷ್ಟಕದ ಪ್ರತಿ ಸಾಲಿಗೂ ಒಂದು ಸೀನು ಬಿತ್ತು, ಪ್ರತಿ ಸೀನಿಗೂ ಓಲಗದವರು ಗಟ್ಟಿಮೇಳ ಬಾರಿಸಿದರು ಎಂದು ಆಮೇಲೆ ತಿಳಿಯಿತು.

ಲಾರಿಯ ಸದ್ದು ಅಡಗುವವರೆಗೂ ಜಗಲಿಯಲ್ಲಿ ಏಜೆಂಟರು ಅತ್ತ ಕಿವಿಗೊಟ್ಟಿದ್ದರು.

ಮಾರನೆಯ ದಿನ ಸಾಹುಕಾರರು ಸಾಗರದಿಂದ ಕಾರಿನಲ್ಲಿ ಬಂದರು. ರಸ್ತೆಯಲ್ಲೇ ಕಾರು ನಿಲ್ಲಿಸಿ, ಹೋಟೆಲಿನೊಳಗೆ ಬಂದು ಕೂತು ಕಾಫಿ ಕುಡಿದು, "ಯಾರು ಹಂಗಾದ್ರೆ?" ಎಂದರು. ನಾನು ಅಂಗಿಯ ಗುಂಡಿ ಸರಿಮಾಡಿಕೊಂಡೆ.

"ಚೌಡಮ್ಮ" ಎಂದರು ಏಜೆಂಟರು.

ಶೇಷಣ್ಣನ ಕೈಯ ಲೋಟ ಬಿತ್ತು. ಸಾಹುಕಾರರು, "ಹೆಂಗಸಾ?" ಎಂದರು. ನನಗೆ ತಡೆಯಲಾಗಲಿಲ್ಲ. "ಅವಳಿಗೆ ಬೋರ್ಡು ಓದಕ್ಕೇ ಬರಲ್ವಲ್ಲ!" ಎಂದೆ.

"ನಂಗೂ ಈಗ ಬರಲ್ಲ" ಎಂದರು ಏಜೆಂಟರು. "ಹಾರ್ನು ಕೇಳಿದ್ರೆ ಯಾವ ಬಸ್ಸು, ಯಾವ ಡ್ರೈವರು, ಎಷ್ಟು ಜನ ಇದಾರೆ, ಅಷ್ಟೂ ಹೇಳ್ತಾಳೆ. ನಿನ್ನೆ ಆ ಭಟ್ರು ಕೂತಷ್ಟು ಹೊತ್ತೂ ಅವಳಿಗೆ ವ್ಯಾಪಾರ. ಆದ್ರೂ ಏಳ್ಸಿ ಕಳಿಸಿದ್ಲು. ಇನ್ನೆಂತ ನೋಡ್ಬೇಕು?"

ಸಾಹುಕಾರರು ತಲೆ ಕೆರೆದುಕೊಂಡರು. ಜನ ಏನೆನ್ನುತ್ತಾರೆ, ಡ್ರೈವರುಗಳು ಕೇಳುತ್ತಾರೆಯೇ, ಹೀಗೆ ಏನೇನೋ ಶುರುಮಾಡಿದರು. ಅಷ್ಟರಲ್ಲಿ ಹೊರಗಿನಿಂದ ಚೌಡಮ್ಮನ ಗಂಟಲು ಕೇಳಿಸಿತು. "ಯಾರದ್ರೀ ಈ ಕಾರು? ಸಾಗರದ ಬಸ್ಸು ತಿರುಗ್ಬೇಕು, ತೆಗೀರಿ ಮೊದ್ಲು!" ಸಾಹುಕಾರರು ಅರ್ಧ ಕಾಫಿ ಬಿಟ್ಟು ಎದ್ದು ಹೋಗಿ ತಾವೇ ಕಾರು ಹಿಂದಕ್ಕೆ ತೆಗೆದರು. ಮರಳಿ ಬಂದು ಕೂತು, "ಆಗ್ಲಿ" ಎಂದರು. ನೇಮಕ ಮುಗಿಯಿತು. ಬುಟ್ಟಿಯನ್ನೂ ಇಟ್ಟುಕೊಳ್ಳುತ್ತೇನೆ ಎಂಬ ಕರಾರಿನ ಮೇಲೆ ಚೌಡಮ್ಮ ಒಪ್ಪಿದಳು. ಸೀರೆಯ ಮೇಲೆ ಆ ಖಾಕಿ ಕೋಟು ಹಾಕಿಕೊಂಡಳು. ತೋಳು ಅವಳಿಗೂ ಉದ್ದವೇ, ಮಡಚುವ ಗೋಜಿಗೆ ಹೋಗದೆ ಕತ್ತರಿಯಿಂದ ಕತ್ತರಿಸಿಬಿಟ್ಟಳು.

ನಾನು ಹಿಂದಿನ ಬೆಂಚಿನಲ್ಲಿ ಕೂತು ಅತ್ತೆ. ಇಪ್ಪತ್ತೆರಡು ವರ್ಷದ ಗಂಡಸು ಅತ್ತೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಅತ್ತದ್ದು ನಿಜ. ಏಜೆಂಟರು ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು.

"ನಿಮ್ಗೆ ಇಷ್ಟು ದಿನ ಓದಿ ಹೇಳ್ದೆ. ಆ ಆಟದ ಒಂದೊಂದು ಒಳಗುಟ್ಟೂ ನಂಗೆ ಗೊತ್ತು" ಎಂದೆ.

"ಏಳು ನಾಲ್ಕು" ಎಂದರು.

ನನಗೆ ಅರ್ಥವಾಗಲಿಲ್ಲ.

"ಆ ಆಟದಲ್ಲಿ ಗೆರೆ ದಾಟಿ ಚೆಂಡು ಇಟ್ರೆ ಮೂರು. ಅದ್ರ ಮೇಲೆ ಕಂಬದ ನಡುವೆ ಒದ್ರೆ ಇನ್ನೆರಡು, ಅಲ್ಲಿಗೆ ಐದು. ಬೇರೆ ಹೆಂಗೆ ಒದ್ರೂ ಮೂರೇ. ಮೂರು, ಐದು, ಆರು, ಎಂಟು. ನೀನೇ ಕೂಡ್ಸಿ ನೋಡು. ಏಳು ಹೆಂಗೆ ಕೂಡ್ಸಿದ್ರೂ ಬರಲ್ಲ. ನಾಲ್ಕೂ ಬರಲ್ಲ."

ನನ್ನ ಕಿವಿ ಬಿಸಿಯಾಯಿತು. ಮಾಘದಿಂದ ನಾನು ಆಡಿಸಿದ ಗಿಡ್ಡ, ಅವನ ಹಾರಾಟ, ಅವನ ಹೆಬ್ಬೆರಳು, ಎಲ್ಲವೂ ನೆನಪಾಗಿ ಬೆಂಚಿನ ಕೆಳಗೆ ಹೋಗೋಣ ಎನಿಸಿತು. "ಮೊದ್ಲ ದಿನವೇ ಗೊತ್ತಿತ್ತಾ? ಮತ್ತೆ ಎಂತಕ್ಕೆ ಸುಮ್ಮನಿದ್ರಿ?"

ಅವರು ಪೆನ್ಸಿಲ್ ತೆಗೆದು ಕೈಯಲ್ಲಿ ತಿರುಗಿಸಿದರು. "ಒಂದು ಸಲ ಆಡಿದ್ದೆ ಅಂದೆನಲ್ಲ" ಎಂದು ಶುರುಮಾಡಿದರು. "ಅವತ್ತು ಒಬ್ಬಂಗೆ ಜ್ವರ. ಜನ ಸಾಲದೆ ನನ್ನನ್ನ ನಿಲ್ಸಿದ್ರು. ಇಡೀ ಆಟದಲ್ಲಿ ಒಂದೇ ಸಲ ನಂಗೆ ಚೆಂಡು ಬಂತು. ಮುಂದೆ ಯಾರೂ ಇಲ್ಲ, ಬಯಲು. ಓಡಿದ್ರೆ ಸಾಕಿತ್ತು. ಅಷ್ಟ್ರಲ್ಲಿ ಎದುರು ತಂಡದ ಸಾಹೇಬ್ರೊಬ್ರು ಬಂದ್ರು. ದಿನಾ ನಾನೇ ಬಡಿಸ್ತಿದ್ದೆ ಅವ್ರಿಗೆ. ನನ್ನ ನೋಡಿ ನಕ್ಕು ಕೈ ಚಾಚಿದ್ರು." ಅವರು ತಮ್ಮ ಕೈಯನ್ನೂ ಚಾಚಿ ತೋರಿಸಿದರು. "ಕೊಟ್ಬಿಟ್ಟೆ ಮಾರಾಯ."

"ಚೆಂಡಾ?"

"ಚೆಂಡು. ಎರಡೂ ಕೈಲಿ, ತಟ್ಟೆ ಕೊಟ್ಟ ಹಂಗೆ. ಯೆಸ್ ಸರ್ ಅಂತ ಬೇರೆ ಹೇಳ್ದೆ."

ನನಗೆ ಅಳುವಿನ ನಡುವೆಯೇ ನಗು ಬಂತು. ಅವರೂ ನಕ್ಕರು, ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಹೇಳಿದರು, "ನೀನೂ ನನ್ನ ಜಾತಿಯವ್ನೇ. ಮುಖ ನೋಡಿ ಚೆಂಡು ಕೊಡ್ತೀಯ. ನಂಗೆ ಈ ತಲೆ ತಗ್ಸೋದು ಕಲಿಯಕ್ಕೆ ಹದಿನೈದು ವರ್ಷ ಬೇಕಾತು. ಆ ಭಟ್ರಿಗೆ ಹದಿನೈದು ವರ್ಷ ಕಾಯಕ್ಕೆ ಆಗ್ತಿತ್ತಾ?"

ನಾನು ಮಾವನ ತಂಡ ಸೇರಿ ಎರಡು ವರ್ಷ ಕಾಯಿ ತುರಿದೆ. ಆಮೇಲೆ ಸಾಗರದಲ್ಲಿ ವಿಮೆ ಮಾಡಿಸುವ ಏಜೆಂಟನಾದೆ. ಮುಖ ನೋಡುವ ಚಾಳಿ ಅಲ್ಲಿ ಅನ್ನ ಕೊಟ್ಟಿತು. ಚೌಡಮ್ಮನ ಮೇಲೆ ಸಿಟ್ಟು ಬಹಳ ದಿನ ಉಳಿಯಲಿಲ್ಲ. ಒಮ್ಮೆ ನಾನು ಸೀಟಿದೆಯಾ ಎಂದು ಕೇಳಿದಾಗ ಅವಳು ನನ್ನ ಕಾಲು ನೋಡಿ, "ನಿಂತ್ಕಂಡು ಹೋಗು, ಗಟ್ಟಿ ಅದಾವೆ" ಎಂದಳು.

ಪತ್ರಿಕೆಗಳು ಮಾತ್ರ ಬರುತ್ತಲೇ ಇದ್ದವು. ಕಾಯಿ ತುರಿಯುವ ಕೆಲಸವಿಲ್ಲದ ದಿನ ನಾನು ರಿಪ್ಪನ್‌ಪೇಟೆಗೆ ಹೋಗುತ್ತಿದ್ದೆ. ಈಗ ಇದ್ದದ್ದನ್ನು ಇದ್ದ ಹಾಗೆ ಓದುತ್ತಿದ್ದೆ. ಕಾಲೇಜಿನವನು ಚೆನ್ನಾಗಿಯೇ ಆಡುತ್ತಿದ್ದ. ಏಜೆಂಟರು ಹೂಂಗುಟ್ಟುತ್ತಿದ್ದರು, ಅಷ್ಟೆ.

ಮುಂದಿನ ಮಾಘದಲ್ಲಿ ಒಂದು ದಿನ ನಾನು ಹೋದಾಗ ಅವರು ಪತ್ರಿಕೆಯ ಜೊತೆಗೆ ಒಂದು ಲಕೋಟೆಯನ್ನೂ ಮುಂದೆ ಚಾಚಿದರು. ಮೈಸೂರಿನ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಕಳಿಸಿದ ಕಾಗದ, ಇಂಗ್ಲಿಷಿನಲ್ಲಿ. "ಮೊದ್ಲು ಇದು" ಎಂದರು. "ಆಪರೇಷನ್ ಮಾಡಿದ್ರೆ ಕಣ್ಣು ಬರ್ತದಾ ಇಲ್ವಾ ಅಂತ ಅದ್ರಲ್ಲಿ ಇರ್ತದೆ."

ಬಿಚ್ಚಿ ಓದಿದೆ. ನಾಲ್ಕೇ ಸಾಲು. ಕಣ್ಣಿನ ನರ ಒಣಗಿದೆ, ಆಪರೇಷನ್ನಿನಿಂದ ಪ್ರಯೋಜನವಿಲ್ಲ, ಉಳಿದ ಬೆಳಕೂ ಹೋಗುತ್ತದೆ. ತಲೆಯೆತ್ತಿದರೆ ಅದೇ ಮುಖ, ನನ್ನ ಬಾಯಿಯ ಕಡೆಗೇ ತಿರುಗಿತ್ತು. ಶೇಷಣ್ಣ ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದ. ಬರ್ತದೆ ಏಜೆಂಟ್ರೇ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ತಲೆ ತಗ್ಗಿಸಿದೆ. ಅವರ ಪಾದಗಳು ಕಂಡವು. ಹಳೆಯ ಟೈರಿನ ಚಪ್ಪಲಿ, ಒಡೆದ ಹಿಮ್ಮಡಿ, ನೆಲಕ್ಕೆ ಗಟ್ಟಿಯಾಗಿ ಊರಿದ್ದವು.

"ಇಲ್ಲ ಏಜೆಂಟ್ರೇ" ಎಂದೆ. "ಬರಲ್ಲ. ಇರೋದೂ ಹೋಗ್ತದಂತೆ."

ಹೊರಗೆ ಚೌಡಮ್ಮ ಯಾರಿಗೋ ಬೈಯುತ್ತಿದ್ದಳು. ಏಜೆಂಟರ ಕೈ ತಡಕಾಡಿ ನನ್ನ ಹೆಗಲನ್ನು ಹುಡುಕಿ ಹಿಡಿಯಿತು.

"ಸರಿ" ಎಂದರು. ಪೆನ್ಸಿಲ್ ತೆಗೆದು ಮತ್ತೆ ಕಿವಿಗೆ ಸಿಕ್ಕಿಸಿದರು. "ಈಗ ಪೇಪರ್ ತೆಗಿ. ನಮ್ಮ ಗಿಡ್ಡಂದು ಓದು."

ಪತ್ರಿಕೆ ಬಿಡಿಸಿದೆ. ಗಿಡ್ಡನ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ, ಇರುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಗಂಟಲು ಸರಿಮಾಡಿಕೊಂಡು ಓದತೊಡಗಿದೆ. ಮೈದಾನದ ತುಂಬ ಕೆಸರು, ಗಿಡ್ಡನಿಗೆ ಚೆಂಡು ಬಂತು, ಮುಂದೆ ಬಯಲು, ಎದುರಿನಿಂದ ಒಬ್ಬ ಕೈ ಚಾಚಿಕೊಂಡು ಬಂದ, ಗಿಡ್ಡ ಅವನ ಕಾಲು ನೋಡಿದ, ಪಕ್ಕಕ್ಕೆ ಸರಿದ, ಓಡಿದ. ಏಜೆಂಟರು ಬೆಂಚಿನ ತುದಿಗೆ ಸರಿದು ಕೂತಿದ್ದರು.

"ಗೆದ್ರಾ?"

"ಗೆದ್ರು. ಎಂಟು ಐದು."

ಅವರು ಬೆರಳು ಮಡಚಿ ಒಂದು ಸಲ ಕೂಡಿಸಿ ನೋಡಿದರು.

"ಎಂಟು ಬರ್ತದೆ" ಎಂದರು.